ಯುದ್ಧದ ಹೊತ್ತಿಗೆ ಜಿಪಿಎಸ್ ಕೈಕೊಟ್ಟರೆ ನಮ್ಮ ನಾವಿಕ್ ಒಂದೇ ಸಾಕಾ?

ಸಾಲಗಾಮೆ ರಸ್ತೆ
ಎಲ್ಲರಿಗೂ ನಮಸ್ಕಾರ. ನಾನಿರೋದು ಹಾಸನದಲ್ಲಿ, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರುವ ರಸ್ತೆಯಲ್ಲೇ. ಉಪಗ್ರಹದ ವಿಷಯ ಬಂದರೆ ನಮ್ಮ ಮನೇಲಿ ಒಬ್ಬೊಬ್ಬರದ್ದು ಒಂದೊಂದು ವಾದ. ಚಿಕ್ಕಪ್ಪ ಹೇಳೋದು: "ಕಾರ್ಗಿಲ್ ಯುದ್ಧದಲ್ಲಿ ಅಮೆರಿಕ ನಮಗೆ ಜಿಪಿಎಸ್ ಆಫ್ ಮಾಡಿಬಿಟ್ಟಿತ್ತು. ಅದಕ್ಕೇ ನಾವು ಜಿಪಿಎಸ್ ತರದ್ದೇ ನಮ್ಮ ಸ್ವಂತ ಉಪಗ್ರಹ ವ್ಯವಸ್ಥೆ ನಾವಿಕ್ ಮಾಡಿಕೊಂಡ್ವಿ. ಈಗ ಯಾರ ಹಂಗೂ ಇಲ್ಲ." ನನ್ನ ತಮ್ಮ ಹೇಳೋದು: "ಹಾರಿಸಿದ್ದರಲ್ಲಿ ಅರ್ಧಕ್ಕರ್ಧ ಕೆಟ್ಟು ಕೂತಿವೆ, ಯಾವ ಸ್ವಾವಲಂಬನೆ?"

ಗೊತ್ತಿದ್ದವರು ಹೇಳಿ. ಒಂದು ದೇಶಕ್ಕೆ ಮಾತ್ರ ಜಿಪಿಎಸ್ ನಿಲ್ಲಿಸೋಕೆ ಆಗುತ್ತಾ? ಸೇನೆಗೆ ಬೇರೆ ಸಿಗ್ನಲ್ ಇದೆ ಅಂತಾರಲ್ಲ, ಅದು ಬೇರೆ ಉಪಗ್ರಹದಿಂದ ಬರುತ್ತಾ, ಇದರಿಂದಲೇ ಬರುತ್ತಾ? ಮತ್ತೆ "ಕೆಟ್ಟಿದೆ" ಅಂದರೆ ಏನು ಕೆಟ್ಟಿದೆ? ಉಪಗ್ರಹ ಅಲ್ಲೇ ಸುತ್ತುತ್ತಾ ಇದೆಯಲ್ಲ.

ತಿಪಟೂರು ತೆಂಗು
ಚಿಕ್ಕಪ್ಪ ಹೇಳಿದ್ದು ನೂರಕ್ಕೆ ನೂರು ಸರಿ. ಎಲ್ಲಾ ಪೇಪರಲ್ಲೂ ಬಂದಿದೆ.

ಕ್ವಾರ್ಟ್ಜ್
ಪೇಪರಲ್ಲಿ ಬಂದಿರೋದು ನಿಜ. ಆದರೆ "ಆಫ್ ಮಾಡಿದ್ರು" ಅನ್ನೋ ಮಾತು ತಾಂತ್ರಿಕವಾಗಿ ನಿಲ್ಲಲ್ಲ. ಜಿಪಿಎಸ್ ಉಪಗ್ರಹಕ್ಕೆ ಕೆಳಗೆ ಯಾರು ತನ್ನ ಸಿಗ್ನಲ್ ತಗೋತಿದ್ದಾರೆ ಅನ್ನೋದೇ ಗೊತ್ತಿರಲ್ಲ. 20,200 ಕಿ.ಮೀ. ಎತ್ತರದಿಂದ ಭೂಮಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾಗಕ್ಕೆ ಒಂದೇ ಸಮನೆ ಪ್ರಸಾರ ಮಾಡ್ತಿರುತ್ತೆ. ಕಾರ್ಗಿಲ್ ಕಡೆಯ ದ್ರಾಸ್‌ಗೆ ಮಾತ್ರ ಬಂದ್ ಮಾಡಿ ಗಡಿಯಾಚೆಯ ಸ್ಕರ್ದುಗೆ ಬಿಡೋದು ಮೇಲಿಂದ ಆಗದ ಕೆಲಸ.

1999ರಲ್ಲಿ ನಿಜವಾಗಿ ಇದ್ದದ್ದು ಸೆಲೆಕ್ಟಿವ್ ಅವೈಲಬಿಲಿಟಿ. ನಾಗರಿಕರಿಗೆ ಸಿಗುವ ಸಿಗ್ನಲ್‌ನಲ್ಲಿ ಸಮಯವನ್ನು ಬೇಕಂತಲೇ ಹಿಂದೆ ಮುಂದೆ ಅಲುಗಾಡಿಸ್ತಿದ್ರು. ಭಾರತಕ್ಕೆ ಅಂತಲ್ಲ, ಇಡೀ ಪ್ರಪಂಚಕ್ಕೆ. ಅದರಿಂದ ಅಡ್ಡಕ್ಕೆ ಸುಮಾರು 100 ಮೀಟರ್ ತನಕ, ಎತ್ತರದಲ್ಲಿ ಅದಕ್ಕೂ ಹೆಚ್ಚು ದೋಷ ಬರ್ತಿತ್ತು. ಸರಿಯಾದ ಲೆಕ್ಕ ಬೇಕಿದ್ರೆ ಸೇನೆಯ ಗೂಢಲಿಪಿಯ ಕೋಡ್ ಬೇಕು, ಅದರ ಕೀಲಿ ಅಮೆರಿಕ ಮತ್ತು ಅದರ ಮಿತ್ರ ದೇಶಗಳ ಹತ್ತಿರ ಮಾತ್ರ. ನಮಗೆ ಅದು ಸಿಕ್ಕಿರಲಿಲ್ಲ. ಇದ್ದದ್ದನ್ನು ಕಿತ್ಕೊಂಡರು ಅನ್ನೋದು ಬೇರೆ, ಕೊಡಲೇ ಇಲ್ಲ ಅನ್ನೋದು ಬೇರೆ.

ನಿವೃತ್ತ ಹವಾಲ್ದಾರ್
ಕ್ವಾರ್ಟ್ಜ್ ಅವರೇ, ಬೆಟ್ಟದ ಮೇಲೆ ನಿಂತವನಿಗೆ ಎರಡೂ ಒಂದೇ. ಆ ಎತ್ತರದಲ್ಲಿ ನೂರು ಮೀಟರ್ ಅಂದರೆ ಏನು ಗೊತ್ತಾ? ಏಣಿನ ಈ ಕಡೆ ಇರೋ ಬಂಕರ್ ಆ ಕಡೆ ಇದೆ ಅಂತ ತೋರಿಸುತ್ತೆ. ಹೊಡೆದ ಶೆಲ್ ಏಣು ದಾಟಿ ಕಣಿವೆಗೆ ಬೀಳುತ್ತೆ, ಬಂಕರ್‌ಗೆ ಏನೂ ಆಗಲ್ಲ. ನಮ್ಮ ಕಾಲದಲ್ಲಿ ಸರ್ವೇ ಮ್ಯಾಪು, ಪ್ರಿಸ್ಮ್ಯಾಟಿಕ್ ಕಂಪಾಸು, ಒಪಿಯಲ್ಲಿ (ವೀಕ್ಷಣಾ ಠಾಣೆಯಲ್ಲಿ) ಕೂತು ಕಣ್ಣಲ್ಲಿ ನೋಡಿ ಹೇಳಿದ ತಿದ್ದುಪಡಿ, ಇವನ್ನೇ ನಂಬಿ ಕೆಲಸ ಮಾಡಿದ್ದು. ಪರರ ಸಿಗ್ನಲ್ ನಂಬಿ ಹುಡುಗರನ್ನು ಮುಂದಕ್ಕೆ ಕಳಿಸಬಾರದು ಅನ್ನೋ ಚಿಕ್ಕಪ್ಪನ ಮಾತಿನಲ್ಲಿ ತಪ್ಪಿಲ್ಲ.

ಕ್ವಾರ್ಟ್ಜ್
ಹವಾಲ್ದಾರ್ ಸರ್, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳ್ತಿರೋದು ಕಾರಣ ಸರಿಯಾಗಿ ತಿಳ್ಕೊಂಡ್ರೆ ಔಷಧಿ ಸರಿಯಾಗಿ ಸಿಗುತ್ತೆ ಅಂತ.

ಫ್ರೀಮಾಂಟ್ ಕನ್ನಡಿಗ
ಇದಕ್ಕೆ ಒಂದು ಸೇರಿಸ್ತೀನಿ. ನಾನು ರಿಸೀವರ್ ಸಾಫ್ಟ್‌ವೇರ್ ಕೆಲಸದಲ್ಲಿರೋದು. 1990-91ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೈನಿಕರಿಗೇ ಮಿಲಿಟರಿ ರಿಸೀವರ್ ಸಾಕಾಗಲಿಲ್ಲ. ಅಂಗಡಿಯಲ್ಲಿ ಸಿಗುವ ನಾಗರಿಕ ರಿಸೀವರ್‌ಗಳನ್ನು ಸಾವಿರಗಟ್ಟಲೆ ಕೊಂಡು ಮರುಭೂಮಿಗೆ ಕಳಿಸಿದ್ರು. ತಮ್ಮವರೇ ದಾರಿ ತಪ್ಪಬಾರದಲ್ಲ, ಆ ಯುದ್ಧದ ಹೊತ್ತಿಗೆ ಸೆಲೆಕ್ಟಿವ್ ಅವೈಲಬಿಲಿಟಿಯನ್ನೇ ನಿಲ್ಲಿಸಬೇಕಾಯ್ತು. ಆಮೇಲೆ ಅವರದೇ ಕೋಸ್ಟ್ ಗಾರ್ಡ್ ತೀರದಲ್ಲಿ ಡಿಫರೆನ್ಷಿಯಲ್ ಸ್ಟೇಷನ್ ಹಾಕಿ ಆ ಬೇಕಂತಲೇ ಮಾಡಿದ ದೋಷವನ್ನು ತಿದ್ದಿ ಹಡಗುಗಳಿಗೆ ಕೊಡೋಕೆ ಶುರುಮಾಡ್ತು. ಒಂದು ಇಲಾಖೆ ಕೆಡಿಸೋದು, ಇನ್ನೊಂದು ಇಲಾಖೆ ಸರಿ ಮಾಡೋದು. ಕೊನೆಗೆ 2000ದ ಮೇ ತಿಂಗಳ ಮೊದಲ ದಿನ ಕ್ಲಿಂಟನ್ ಅದನ್ನು ನಿಲ್ಲಿಸುವ ಘೋಷಣೆ ಮಾಡಿದ್ರು.

ಆದರೆ ಅದೇ ಹೇಳಿಕೆಯಲ್ಲಿ ಇನ್ನೊಂದು ಮಾತಿತ್ತು: ನಮ್ಮ ಭದ್ರತೆಗೆ ಧಕ್ಕೆ ಬಂದರೆ ನಿರ್ದಿಷ್ಟ ಪ್ರದೇಶದಲ್ಲಿ ಜಿಪಿಎಸ್ ಸಿಗದಂತೆ ಮಾಡುವ ಸಾಮರ್ಥ್ಯ ನಮಗಿದೆ ಅಂತ. ಅಂದರೆ ಪ್ರಾದೇಶಿಕವಾಗಿ ತಡೆಯೋಕೆ ಆಗಲ್ಲ ಅನ್ನೋ ಹಾಗಿಲ್ಲ. ಉಪಗ್ರಹದ ಸ್ವಿಚ್ಚಿನಿಂದಲ್ಲ, ಆ ಜಾಗದಲ್ಲಿ ನಾಗರಿಕ ತರಂಗಾಂತರವನ್ನು ಜಾಮ್ ಮಾಡಿ. ಅವರ ಸೇನೆಯ ಹೊಸ ಸಿಗ್ನಲ್ ಎಂ-ಕೋಡ್ ಅನ್ನು ಅದಕ್ಕೇ ನಾಗರಿಕ ಸಿಗ್ನಲ್‌ನ ನಟ್ಟನಡುವೆ ಇಡದೆ ಎರಡು ಅಂಚಿಗೆ ಸರಿಸಿ ಇಟ್ಟಿದ್ದಾರೆ. ನಡುವೆ ಗದ್ದಲ ಎಬ್ಬಿಸಿದರೂ ಅಂಚಿನಲ್ಲಿ ತಮ್ಮದು ನಡೀತಿರಬೇಕು.

ಎಂಟನೇ ಮೈಲಿ
ಸೂಪರ್ ಮಾಹಿತಿ. ಆದ್ರೆ ನನ್ನ ಫೋನ್ ಜಿಪಿಎಸ್ ತುಮಕೂರು ರೋಡ್ ಫ್ಲೈಓವರ್ ಮೇಲಿದ್ರೆ ಕೆಳಗೆ ಇದ್ದೀನಿ ಅಂತ ತೋರಿಸುತ್ತೆ. ಇದಕ್ಕೂ ಅಮೆರಿಕಾನೇ ಕಾರಣಾನಾ?

ಕ್ವಾರ್ಟ್ಜ್
ಅಲ್ಲ. ಉಪಗ್ರಹಗಳೆಲ್ಲ ನಮ್ಮ ತಲೆ ಮೇಲೇ ಇರ್ತವೆ, ಕಾಲ ಕೆಳಗೆ ಒಂದೂ ಇರಲ್ಲ. ಅದಕ್ಕೇ ಎತ್ತರದ ಲೆಕ್ಕ ಯಾವಾಗಲೂ ಅಡ್ಡದ ಲೆಕ್ಕಕ್ಕಿಂತ ಕಳಪೆ.

ಅಳಿವೆಬಾಗಿಲು
ನಮ್ಮ ಮಲ್ಪೆಯಲ್ಲಿ ಜಿಪಿಎಸ್ ಇಲ್ಲದೆ ಈಗ ಯಾವ ಬೋಟೂ ಹೊರಡುವುದಿಲ್ಲ ಮಾರಾಯ್ರೆ. ಬಲೆ ಸಿಕ್ಕಿಬೀಳುವ ಕಲ್ಲು ಎಲ್ಲಿ, ಮೀನು ಎದ್ದ ಜಾಗ ಎಲ್ಲಿ ಅಂತ ಒಬ್ಬೊಬ್ಬ ತಾಂಡೇಲನ (ಬೋಟು ನಡೆಸುವವನ) ಯಂತ್ರದಲ್ಲಿ ವರ್ಷಗಟ್ಟಲೆ ಮಾರ್ಕ್ ಹಾಕಿದ್ದು ಇದೆ. ಅದನ್ನು ಬೇರೆಯವರಿಗೆ ತೋರಿಸುವುದೂ ಇಲ್ಲ. 2018ರ ಡಿಸೆಂಬರಿನಲ್ಲಿ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಯಿತಲ್ಲ, ಆಗ ಎಲ್ಲರೂ ಕೇಳಿದ್ದು ಇದನ್ನೇ: ಇಷ್ಟೆಲ್ಲ ಉಪಗ್ರಹ ಇದೆ, ಒಂದು ಬೋಟು ಎಲ್ಲಿದೆ ಅಂತ ಗೊತ್ತಾಗುವುದಿಲ್ಲವಾ? ನಾವಿಕ್ ಹಾಕಿದರೆ ಬೋಟು ಎಲ್ಲಿದೆ ಅಂತ ದಡಕ್ಕೆ ಗೊತ್ತಾಗುತ್ತದಾ?

ಶರಾವತಿ
ಗೊತ್ತಾಗುವುದಿಲ್ಲ. ಸುಮಾರು ಜನರಿಗೆ ಇಲ್ಲೇ ಗೊಂದಲ. ಜಿಪಿಎಸ್ ಆಗಲಿ ನಾವಿಕ್ ಆಗಲಿ, ಉಪಗ್ರಹ ಹೇಳುತ್ತದೆ, ರಿಸೀವರ್ ಕೇಳಿಸಿಕೊಳ್ಳುತ್ತದೆ, ಅಷ್ಟೇ. "ನನ್ನ ಹೆಸರು ಇದು, ನಾನು ಆಕಾಶದಲ್ಲಿ ಇಂಥ ಕಡೆ ಇದ್ದೇನೆ, ಈಗ ಗಂಟೆ ಇಷ್ಟು" ಅಂತ ಉಪಗ್ರಹ ಒಂದೇ ಸಮ ಸಾರುತ್ತಿರುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರ ಅಂತ ನಾವು ಲೆಕ್ಕ ಹಾಕುತ್ತೇವಲ್ಲ, ರಿಸೀವರ್ ಮಾಡುವುದೂ ಅದನ್ನೇ. ನಾಲ್ಕು ಉಪಗ್ರಹ ಸಿಕ್ಕರೆ ಅಕ್ಷಾಂಶ, ರೇಖಾಂಶ, ಎತ್ತರ, ಜೊತೆಗೆ ರಿಸೀವರಿನ ಅಗ್ಗದ ಗಡಿಯಾರದ ತಪ್ಪು, ನಾಲ್ಕೂ ಬಿಡಿಸಿಕೊಳ್ಳುತ್ತವೆ.

ಮೀನುಗಾರರಿಗೆ ನಾವಿಕ್ ಮೂಲಕ ಬರುವ ಚಂಡಮಾರುತದ ಎಚ್ಚರಿಕೆಯೂ ಮೇಲಿಂದ ಕೆಳಕ್ಕೆ ಮಾತ್ರ. ಬೋಟಿನಿಂದ ದಡಕ್ಕೆ ಸುದ್ದಿ ಹೋಗಬೇಕಾದರೆ ಕಳಿಸುವ ಯಂತ್ರ ಬೇರೆಯೇ ಬೇಕು, ಸಂಪರ್ಕ ಉಪಗ್ರಹ ಬೇರೆಯೇ ಬೇಕು.

ಸೇನೆಯ ದೃಷ್ಟಿಯಿಂದ ಇದು ದೋಷವಲ್ಲ, ಗುಣ. ಚೀನಾದ ಮೊದಲ ಬೇಯ್ಡೌ, 2000ದಲ್ಲಿ ಶುರುವಾದದ್ದು, ಎರಡು ದಿಕ್ಕಿನ ವ್ಯವಸ್ಥೆಯಾಗಿತ್ತು. ಸೈನಿಕನ ಪೆಟ್ಟಿಗೆ ಉಪಗ್ರಹಕ್ಕೆ ಸಿಗ್ನಲ್ ಕಳಿಸಬೇಕು, ನೆಲದ ಕೇಂದ್ರ ಲೆಕ್ಕ ಹಾಕಿ ವಾಪಸ್ ಉತ್ತರ ಕೊಡಬೇಕು. ಸಿಗ್ನಲ್ ಕಳಿಸಿದ ಕೂಡಲೇ ಅವನಿರುವ ಜಾಗ ಶತ್ರುವಿನ ರೇಡಿಯೋಗೂ ಗೊತ್ತಾಗುವ ಅಪಾಯ. ಒಟ್ಟಿಗೆ ಎಷ್ಟು ಜನ ಬಳಸಬಹುದು ಎನ್ನುವುದಕ್ಕೂ ಮಿತಿ. ಮುಂದಿನ ಪೀಳಿಗೆಯಲ್ಲಿ ಅವರೂ ಜಿಪಿಎಸ್ ತರಹದ ಒಂದು ದಿಕ್ಕಿನ ವಿಧಾನ ತಂದರು. 2020ರ ಜೂನಿನಲ್ಲಿ ಕೊನೆಯ ಉಪಗ್ರಹ ಹಾರಿಸಿ ಇಡೀ ಜಗತ್ತಿಗೆ ಮುಟ್ಟುವ ಜಾಲ ಪೂರ್ತಿ ಮಾಡಿದರು.

ಅಳಿವೆಬಾಗಿಲು
ಈಗ ಅರ್ಥ ಆಯಿತು ಮೇಡಂ. ನಮ್ಮ ಯೂನಿಯನ್ ಮೀಟಿಂಗಿನಲ್ಲಿ ಇದನ್ನೇ ಹೇಳ್ತೇನೆ.

ಸಾಧನಕೇರಿ
ಮೇಡಂ, ಗಡಿಯಾರದ ಮಾತು ಬಂತಲ್ರೀ, ಅದನ್ನ ಸ್ವಲ್ಪ ಬಿಡಿಸಿ ಹೇಳ್ರಿ. ನಾವಿಕ್ ಉಪಗ್ರಹದಾಗ ಕೆಟ್ಟಿದ್ದು ಗಡಿಯಾರ ಅಂತ ಕೇಳೀನಿ. ಗಡಿಯಾರ ಕೆಟ್ಟೂದಕ್ಕ ಇಡೀ ಉಪಗ್ರಹನ ಕೆಲಸಕ್ಕ ಬರಂಗಿಲ್ಲ ಅಂದ್ರ ಹೆಂಗ? ಇದ್ದದ್ದು ಒಂದ ಗಡಿಯಾರ ಏನ್ರಿ?

ಶರಾವತಿ
ಒಂದಲ್ಲ, ನಮ್ಮ ಮೊದಲ ಸಾಲಿನ ಪ್ರತಿ ಉಪಗ್ರಹದಲ್ಲೂ ಮೂರು ರುಬಿಡಿಯಂ ಗಡಿಯಾರ ಇದ್ದವು. ಒಂದು ಕೆಟ್ಟರೆ ಇನ್ನೊಂದಕ್ಕೆ ಬದಲಿಸಬಹುದು. 2013ರ ಜುಲೈ 1ರಂದು ಹಾರಿದ ಮೊದಲನೆಯದರಲ್ಲಿ, ಅಂದರೆ ನಾವಿಕ್‌ಗೆ ಆಗಿದ್ದ ಹೆಸರಿನಲ್ಲಿ ಹೇಳುವುದಾದರೆ ಐಆರ್‌ಎನ್‌ಎಸ್‌ಎಸ್-1ಎಯಲ್ಲಿ, ಮೂರೂ ಒಂದರ ಹಿಂದೆ ಒಂದು ನಿಂತವು. ಆಮೇಲೆ ಉಳಿದವುಗಳಲ್ಲೂ ತೊಂದರೆ ಶುರುವಾಯಿತು. ಸ್ವಿಟ್ಜರ್ಲೆಂಡಿನ ಅದೇ ಮೂಲದ ಗಡಿಯಾರಗಳು ಜಿಪಿಎಸ್ ತರಹದ್ದೇ ಆದ ಯುರೋಪಿನ ಗೆಲಿಲಿಯೋದಲ್ಲೂ ಇದ್ದವು, ಅಲ್ಲೂ ಹಲವು ಕೆಟ್ಟವು. 2017ರ ಜನವರಿಯಲ್ಲಿ ಅವರು ಬಹಿರಂಗವಾಗಿಯೇ ಹೇಳಿದರು.

ಗಡಿಯಾರ ಯಾಕೆ ಇಷ್ಟು ಮುಖ್ಯ? ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಗಡಿಯಾರ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ದೂರದ ಲೆಕ್ಕ 300 ಮೀಟರ್ ತಪ್ಪಿತು. ಒಂದು ಚಿಕ್ಕ ಗಾಜಿನ ಕೋಶದಲ್ಲಿ ರುಬಿಡಿಯಂ ಆವಿ ಇರುತ್ತದೆ, ಪಕ್ಕದಲ್ಲಿ ರುಬಿಡಿಯಂನದೇ ಒಂದು ದೀಪ. ದೀಪದ ಬೆಳಕು ಆವಿಯ ಮೂಲಕ ಹಾಯುತ್ತದೆ. ಆವಿಗೆ ಸೆಕೆಂಡಿಗೆ ಸುಮಾರು 683 ಕೋಟಿ ಕಂಪನದ ಮೈಕ್ರೋವೇವ್ ಕರಾರುವಾಕ್ಕಾಗಿ ತಾಗಿದಾಗ ಹಾದುಬರುವ ಬೆಳಕು ಒಂದಿಷ್ಟು ಮಂಕಾಗುತ್ತದೆ. ಆ ಮಂಕು ತಪ್ಪದ ಹಾಗೆ ಮೈಕ್ರೋವೇವನ್ನು ಹಿಡಿದಿಡುವುದೇ ಗಡಿಯಾರದ ಕೆಲಸ. ಕೋಶದ ಉಷ್ಣತೆ ಏರುಪೇರಾದರೂ ಕಷ್ಟ, ದೀಪ ಸೊರಗಿದರೂ ಕಷ್ಟ. ಹತ್ತು ವರ್ಷ ರಿಪೇರಿ ಇಲ್ಲದೆ ಓಡಬೇಕು.

ಸಾಧನಕೇರಿ
ಅಬ್ಬಾ. ನಾ ಏನೋ ಕೈಗಡಿಯಾರದಂಗ ಇರ್ತದ ಅಂತ ತಿಳದಿದ್ದೆ.

ಶರಾವತಿ
ಇನ್ನೊಂದು ವಿಷಯ, ತರಗತಿಯಲ್ಲಿ ಹೇಳುವಾಗ ನನಗೇ ಪ್ರತಿ ಸಲ ಖುಷಿ ಕೊಡುವಂಥದ್ದು. 1977ರಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯ ಎನ್‌ಟಿಎಸ್-2 ಅನ್ನುವ ಉಪಗ್ರಹದಲ್ಲಿ ಸೀಸಿಯಂ ಗಡಿಯಾರ ಹಾರಿಸಿತು. ಜಿಪಿಎಸ್‌ಗೆ ಮುಂಚಿನ ಪ್ರಯೋಗ ಅದು. ಐನ್‌ಸ್ಟೈನ್ ಪ್ರಕಾರ ಮೇಲಿನ ಗಡಿಯಾರ ನೆಲದ್ದಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಬೇಗ ಓಡಬೇಕು. ಗುರುತ್ವ ಕಮ್ಮಿ ಇರುವುದರಿಂದ 45 ಬೇಗ, ವೇಗದಿಂದಾಗಿ 7 ನಿಧಾನ. ಅದನ್ನು ಸರಿಪಡಿಸುವ ಸರ್ಕ್ಯೂಟ್ ಇಟ್ಟರು, ಆದರೆ ಮೊದಲ ಸುಮಾರು 20 ದಿನ ಅದನ್ನು ಚಾಲೂ ಮಾಡಲೇ ಇಲ್ಲ, ನಿಜಕ್ಕೂ ಹಾಗಾಗುತ್ತದೆಯೋ ನೋಡೋಣ ಅಂತ. ಲೆಕ್ಕಕ್ಕೆ ತೀರಾ ಹತ್ತಿರ ಬಂತು. ಆಮೇಲೆ ಚಾಲೂ ಮಾಡಿದರು. ನಮ್ಮ ನಾವಿಕ್ ಉಪಗ್ರಹಗಳು 36,000 ಕಿ.ಮೀ. ಎತ್ತರದಲ್ಲಿರುವುದರಿಂದ ಈ ವ್ಯತ್ಯಾಸ ಇನ್ನೂ ಜಾಸ್ತಿ, ದಿನಕ್ಕೆ 46ರ ಆಸುಪಾಸು.

ತಿಪಟೂರು ತೆಂಗು
ಇದೆಲ್ಲ ಸರಿ, ಆದರೆ ಇಸ್ರೋ ಬಗ್ಗೆ ಯಾಕೆ ಕೆಟ್ಟದಾಗಿ ಮಾತಾಡಬೇಕು? ಕಮ್ಮಿ ದುಡ್ಡಲ್ಲಿ ಇಷ್ಟು ಮಾಡಿದ್ದಾರೆ.

ಫ್ರೀಮಾಂಟ್ ಕನ್ನಡಿಗ
ಯಾರೂ ಕೆಟ್ಟದಾಗಿ ಮಾತಾಡ್ತಿಲ್ಲ. ಇದ್ದದ್ದು ಇದ್ದ ಹಾಗೆ ಹೇಳ್ತಿದ್ದಾರೆ. 2025ರ ಜುಲೈನಲ್ಲಿ ಸರ್ಕಾರವೇ ಸಂಸತ್ತಿಗೆ ಕೊಟ್ಟ ಉತ್ತರ ನೋಡಿ. ಅಲ್ಲಿಯವರೆಗೆ ಹಾರಿಸಿದ್ದು 11. ಸ್ಥಾನ, ದಿಕ್ಕು, ಸಮಯ ಕೊಡುತ್ತಿದ್ದದ್ದು 4. ಇನ್ನು 4 ಸಂದೇಶ ಪ್ರಸಾರಕ್ಕೆ ಮಾತ್ರ. 1 ನಿವೃತ್ತಿ. 2 ಸೇರಬೇಕಾದ ಕಕ್ಷೆ ಸೇರಲೇ ಇಲ್ಲ. ಸೇರದ ಎರಡರಲ್ಲಿ ಒಂದು 2017ರ ಆಗಸ್ಟ್ 31ರ 1ಎಚ್, ಪಿಎಸ್‌ಎಲ್‌ವಿಯ ಶಾಖಕವಚ ಬಿಚ್ಚಿಕೊಳ್ಳದೆ ಉಪಗ್ರಹ ಅದರೊಳಗೇ ಸಿಕ್ಕಿಹಾಕಿಕೊಂಡಿತು. ಇನ್ನೊಂದು 2025ರ ಜನವರಿ 29ರ ಎನ್‌ವಿಎಸ್-02, ಶ್ರೀಹರಿಕೋಟಾದ ನೂರನೇ ಉಡಾವಣೆ. ರಾಕೆಟ್ ತನ್ನ ಕೆಲಸ ಮಾಡಿತು, ಆದರೆ ಕಕ್ಷೆ ಎತ್ತರಿಸೋ ಎಂಜಿನ್‌ಗೆ ಆಕ್ಸಿಡೈಸರ್ (ಇಂಧನ ಉರಿಯೋಕೆ ಬೇಕಾದದ್ದು) ಬಿಡುವ ವಾಲ್ವ್ ತೆರೆಯಲಿಲ್ಲ.

ಮೂಲ ಪ್ರಶ್ನೆ ಕೇಳಿದವರಿಗೆ: "ಕೆಟ್ಟಿದೆ" ಅಂದರೆ ಇದು. ಸೌರಫಲಕ ಸರಿ ಇದೆ, ರೇಡಿಯೋ ಸರಿ ಇದೆ, ಗಡಿಯಾರ ಸತ್ತಿದೆ. ಸಂದೇಶ ಕಳಿಸೋಕೆ ನ್ಯಾನೋಸೆಕೆಂಡ್ ನಿಖರತೆ ಬೇಡ, ಅದಕ್ಕೇ ಆ ನಾಲ್ಕು ಆ ಕೆಲಸಕ್ಕಾದರೂ ಒದಗ್ತಿವೆ.

ನಿವೃತ್ತ ಹವಾಲ್ದಾರ್
ನಾಲ್ಕೇ ನಾಲ್ಕು ಅಂದರೆ ಒಂದು ಹೋದರೆ ಕಥೆ ಮುಗೀತು.

ಫ್ರೀಮಾಂಟ್ ಕನ್ನಡಿಗ
ಹೌದು ಸರ್. ಅದಕ್ಕಿಂತ ಚಿಂತೆ ಅವು ನಿಂತಿರುವ ಜಾಗದ್ದು. 2025ರ ಜುಲೈನ ಆ ನಾಲ್ಕರಲ್ಲಿ ಒಂದು 32.5 ಡಿಗ್ರಿ ಪೂರ್ವದಲ್ಲಿ, ಎರಡು 55 ಡಿಗ್ರಿಯಲ್ಲಿ ಎಂಟರ ಆಕಾರದಲ್ಲಿ ಮೇಲೆ ಕೆಳಗೆ ಓಡಾಡ್ತವೆ, ಒಂದು ಮಾತ್ರ 129.5ರಲ್ಲಿ. ಮೂರು ನಮ್ಮ ಪಶ್ಚಿಮಕ್ಕೆ, ಒಂದು ಪೂರ್ವಕ್ಕೆ. ಉಪಗ್ರಹಗಳು ಆಕಾಶದಲ್ಲಿ ಹರಡಿಕೊಂಡಷ್ಟೂ ಲೆಕ್ಕ ನಿಖರ. ಹೀಗೆ ಗುಂಪಾದರೆ ಪ್ರತಿ ಗಡಿಯಾರ ಸರಿಯಿದ್ದರೂ ದೋಷ ಹಿಗ್ಗುತ್ತೆ. ಪೂರ್ವಕ್ಕೆ ಬೆಟ್ಟ ಅಡ್ಡ ಇರುವವನಿಗೆ ಆ ಒಂದು ಮರೆಯಾದರೆ ಸ್ಥಾನವೇ ಸಿಗಲ್ಲ.

ಎಂಟನೇ ಮೈಲಿ
ಕಕ್ಷೆ ಕೆಳಗೆ ಇಟ್ಟು ಜಿಪಿಎಸ್ ತರ 24 ಮಾಡಬಹುದಿತ್ತಲ್ವಾ? ಯಾಕೆ ಏಳೇ ಮಾಡಿದ್ರು?

ಕ್ವಾರ್ಟ್ಜ್
ಅದು ಜಾಣತನದ ವಿನ್ಯಾಸ. ಜಿಪಿಎಸ್ ಉಪಗ್ರಹ 12 ಗಂಟೆಗೆ ಒಂದು ಸುತ್ತು ಹಾಕುತ್ತೆ, ಹೆಚ್ಚು ಹೊತ್ತು ಬೇರೆ ದೇಶದ ಮೇಲಿರುತ್ತೆ. ಎಲ್ಲೆಲ್ಲೂ ಯಾವಾಗಲೂ ನಾಲ್ಕು ಕಾಣಬೇಕಂದ್ರೆ 24 ಬೇಕೇ ಬೇಕು. ನಮಗೆ ಬೇಕಿದ್ದದ್ದು ಭಾರತ ಮತ್ತು ಸುತ್ತಲಿನ 1,500 ಕಿ.ಮೀ. ಭೂಮಿಯ ಜೊತೆಗೇ ತಿರುಗುವ ಕಕ್ಷೆಯಲ್ಲಿ ಇಟ್ಟರೆ ಏಳೂ ಸದಾ ನಮ್ಮ ಕಣ್ಣಳತೆಯಲ್ಲೇ ಇರ್ತವೆ. ಮೂರು ಭೂಸ್ಥಿರ, ನಾಲ್ಕು ಓರೆ ಕಕ್ಷೆ. ನೆಲದ ಕೇಂದ್ರಗಳಿಗೂ ಸದಾ ಕಾಣ್ತವೆ, ಆದ್ದರಿಂದ ತಿದ್ದುಪಡಿ ಕಳಿಸೋಕೆ ಪ್ರಪಂಚದ ಬೇರೆ ಬೇರೆ ದ್ವೀಪಗಳಲ್ಲಿ ಸ್ಟೇಷನ್ ಕಟ್ಟಬೇಕಾಗಿಲ್ಲ. ಅಮೆರಿಕಕ್ಕೆ ಹವಾಯಿ, ಅಸೆನ್ಷನ್, ಡಿಯಾಗೋ ಗಾರ್ಸಿಯಾ ಎಲ್ಲಾ ಬೇಕಾಯ್ತು.

ತೊಂದರೆ ಒಂದೇ. ಏಳರ ವಿನ್ಯಾಸದಲ್ಲಿ ಹೆಚ್ಚುವರಿ ಅಂತ ಇರೋದು ತೀರಾ ಕಮ್ಮಿ. ಕೆಟ್ಟ ಕೂಡಲೇ ಇನ್ನೊಂದು ಹಾರಿಸೋ ವ್ಯವಸ್ಥೆ ಇದ್ದರೆ ಮಾತ್ರ ಇದು ನಡೆಯುತ್ತೆ. ಜಿಪಿಎಸ್‌ನವರು 24 ಬೇಕಾದ ಕಡೆ 30ಕ್ಕೂ ಹೆಚ್ಚು ಇಟ್ಟುಕೊಂಡಿದ್ದಾರೆ.

ಸಾಲಗಾಮೆ ರಸ್ತೆ
ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಸೇನೆಯ ಸಿಗ್ನಲ್ ಬಗ್ಗೆ ಮತ್ತು ನಮ್ಮ ಹಾಸನದಲ್ಲಿ ಇದರ ಯಾವ ಕೆಲಸ ಆಗುತ್ತೆ ಅನ್ನೋದನ್ನೂ ಹೇಳಿ.

ಕ್ವಾರ್ಟ್ಜ್
ಉಪಗ್ರಹ ಅದೇ, ಆಂಟೆನಾ ಅದೇ, ತರಂಗಾಂತರವೂ ಅದೇ. ನಾವಿಕ್ ಎಲ್5, ಅಂದರೆ 1176.45 ಮೆಗಾಹರ್ಟ್ಸ್, ಮತ್ತು ಎಸ್ ಬ್ಯಾಂಡ್, 2492.028 ಮೆಗಾಹರ್ಟ್ಸ್, ಎರಡರಲ್ಲೂ ಎರಡು ಸೇವೆ ಕೊಡುತ್ತೆ. ಒಂದು ಎಲ್ಲರಿಗೂ ಬಿಟ್ಟದ್ದು, ಇನ್ನೊಂದು ಗೂಢಲಿಪಿಯಲ್ಲಿ ಅಧಿಕೃತರಿಗೆ ಮಾತ್ರ. ಕೋಡ್ ಸರಣಿ ಗೊತ್ತಿಲ್ಲದವನಿಗೆ ಆ ಸಿಗ್ನಲ್ ಇರೋದೇ ಗದ್ದಲದಲ್ಲಿ ಗೊತ್ತಾಗಲ್ಲ.

ಎರಡು ತರಂಗಾಂತರ ಯಾಕೆ ಅಂದ್ರೆ ಅಯಾನುಗೋಳ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರ. ಸಿಗ್ನಲ್ ಅಲ್ಲಿ ಹಾಯುವಾಗ ತಡವಾಗುತ್ತೆ, ಕೆಳಗಿನ ತರಂಗಾಂತರ ಹೆಚ್ಚು ತಡ. ಎರಡರ ವ್ಯತ್ಯಾಸದಿಂದ ತಡ ಎಷ್ಟು ಅಂತ ಕಂಡುಹಿಡಿದು ಕಳೆಯಬಹುದು. ನಾವು ಕಾಂತೀಯ ಸಮಭಾಜಕದ ಹತ್ತಿರ ಇರೋದರಿಂದ ನಮ್ಮ ಮೇಲಿನ ಅಯಾನುಗೋಳ ಅಮೆರಿಕ, ಯುರೋಪಿನದಕ್ಕಿಂತ ಹೆಚ್ಚು ಚಂಚಲ. ಸಂಜೆಯಾದ ಮೇಲಂತೂ ಇನ್ನೂ ತೊಂದರೆ. ಹಾಗಾಗಿ ಎಲ್ ಮತ್ತು ಎಸ್ ಅಷ್ಟು ದೂರ ದೂರ ಇರೋದು ನಮಗೆ ಅನುಕೂಲ. ಆದರೆ ಎಸ್ ಬ್ಯಾಂಡ್ ವೈಫೈಗೆ ತೀರಾ ಹತ್ತಿರ, ಫೋನ್ ಚಿಪ್‌ನವರು ಅದರ ಗೋಜಿಗೆ ಹೋಗಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ ಫೋನ್‌ಗಳು ಜಿಪಿಎಸ್‌ಗೆ ಬಳಸೋ ಎಲ್1 ತರಂಗಾಂತರ ಸೇರಿಸಿದ್ದು ಅದಕ್ಕೇ. ಅಹಮದಾಬಾದಿನಲ್ಲಿ ನಾವೇ ಮಾಡಿದ ರುಬಿಡಿಯಂ ಗಡಿಯಾರ ಮೊದಲು ಹಾರಿದ್ದೂ ಅದರಲ್ಲೇ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಅತಿ ದೊಡ್ಡ ಹೆಜ್ಜೆ ಅದು.

ಅಂಚೆಪೆಟ್ಟಿಗೆ
ಹಾಸನದ ಬಗ್ಗೆ ನಾನು ಹೇಳ್ತೀನಿ. ಉಪಗ್ರಹದ ಆರೋಗ್ಯ ನೋಡ್ಕೊಳ್ಳೋದು, ಕಕ್ಷೆ ಜಾರಿದ್ರೆ ಥ್ರಸ್ಟರ್ ಉರಿಸಿ ವಾಪಸ್ ತರೋದು, ಕೆಟ್ಟ ಗಡಿಯಾರದಿಂದ ಒಳ್ಳೇದಕ್ಕೆ ಬದಲಿಸೋ ಆದೇಶ ಕಳಿಸೋದು, ಇದೆಲ್ಲ ಹಾಸನ ಮತ್ತು ಭೋಪಾಲ್‌ನಿಂದ. ಸಮಯದ ಲೆಕ್ಕ, ಕಕ್ಷೆಯ ಲೆಕ್ಕ ಆಗೋದು ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ, ದೊಡ್ಡ 32 ಮೀಟರ್ ಆಂಟೆನಾ ಇರೋ ಅದೇ ಊರು. ಲಖನೌನಲ್ಲಿ ಅದಕ್ಕೆ ಜೋಡಿ ಕೇಂದ್ರ ಇದೆ.

ಉಪಗ್ರಹ ತಾನು ಎಲ್ಲಿದ್ದೀನಿ ಅಂತ ಸಾರುತ್ತಲ್ಲ, ಅದು ಅದಕ್ಕೇ ಗೊತ್ತಿರಲ್ಲ. ದೇಶದ ಹಲವು ಕಡೆ ಇರೋ ಸ್ಟೇಷನ್‌ಗಳು ಅದರ ಸಿಗ್ನಲ್ ಅಳೆದು ಬ್ಯಾಲಾಳುಗೆ ಕಳಿಸ್ತವೆ. ಸೂರ್ಯನ ಬೆಳಕು ಫಲಕದ ಮೇಲೆ ಬಿದ್ದು ತಳ್ಳೋ ಒತ್ತಡದಿಂದ ಹಿಡಿದು ಚಂದ್ರನ ಸೆಳೆತದವರೆಗೆ ಲೆಕ್ಕಕ್ಕೆ ತಗೊಂಡು ಮುಂದಿನ ಗಂಟೆಗಳಲ್ಲಿ ಎಲ್ಲಿರುತ್ತೆ ಅಂತ ಊಹಿಸಿ ಮೇಲಕ್ಕೆ ಕಳಿಸ್ತಾರೆ. ಉಪಗ್ರಹ ಅದನ್ನೇ ಹೇಳುತ್ತೆ. ಥ್ರಸ್ಟರ್ ಉರಿಸಿದಾಗ ಈ ಲೆಕ್ಕವೆಲ್ಲ ಕೆಡುತ್ತೆ. ಆಗ "ಸದ್ಯ ನನ್ನನ್ನು ನಂಬಬೇಡಿ" ಅನ್ನೋ ಗುರುತು ಹಾಕಿ, ಹೊಸ ಲೆಕ್ಕ ಸಿಕ್ಕ ಮೇಲೆ ತೆಗೀತಾರೆ.

ಎಂಟನೇ ಮೈಲಿ
ಕುಂದಲಹಳ್ಳಿಯಲ್ಲೂ ಒಂದು ಕೇಂದ್ರ ಇದೆಯಲ್ಲ, ಅದೂ ಇದೇನಾ?

ಅಂಚೆಪೆಟ್ಟಿಗೆ
ಅಲ್ಲ, ಅದು ಗಗನ್. ವಿಮಾನಗಳಿಗೆ ಜಿಪಿಎಸ್ ತಿದ್ದುಪಡಿ ಕೊಡೋ ವ್ಯವಸ್ಥೆ. ಅದರ ತಳಪಾಯ ಅಮೆರಿಕದ ಜಿಪಿಎಸ್ಸೇ. ಎರಡನ್ನೂ ಕಲಸಬೇಡಿ.

ಶರಾವತಿ
ಅಂಚೆಪೆಟ್ಟಿಗೆ ಅವರು ಹೇಳಿದ್ದು ಬಹಳ ಮುಖ್ಯ. ಸುದ್ದಿಯಾಗುವುದು ರಾಕೆಟ್ಟು. ಕೈಕೊಡುವುದು ಎಷ್ಟೋ ಸಲ ನೆಲದ ಕೇಂದ್ರ. 2019ರ ಜುಲೈನಲ್ಲಿ ಗೆಲಿಲಿಯೋ ಸುಮಾರು ಒಂದು ವಾರ ನಿಂತಿತ್ತು. ಮೇಲಿನ ಉಪಗ್ರಹಗಳಿಗೆ ಏನೂ ಆಗಿರಲಿಲ್ಲ, ಸಮಯ ಮತ್ತು ಕಕ್ಷೆ ಲೆಕ್ಕ ಹಾಕುವ ನೆಲದ ವ್ಯವಸ್ಥೆ ಕೆಟ್ಟಿತ್ತು. 2016ರ ಜನವರಿಯಲ್ಲಿ ಜಿಪಿಎಸ್‌ನವರು ಒಂದು ಹಳೆಯ ಉಪಗ್ರಹವನ್ನು ನಿವೃತ್ತಿ ಮಾಡುವಾಗ ಸಾಫ್ಟ್‌ವೇರ್ ದೋಷದಿಂದ ಹಲವು ಉಪಗ್ರಹಗಳಿಗೆ ತಪ್ಪು ಸಮಯದ ಅಂಕಿ ಹೋಯಿತು. 13 ಮೈಕ್ರೋಸೆಕೆಂಡ್ ವ್ಯತ್ಯಾಸ. ದಾರಿ ಹುಡುಕುವವರಿಗೆ ಗೊತ್ತೇ ಆಗಲಿಲ್ಲ, ಟೆಲಿಕಾಂ ಜಾಲಗಳೂ ಬ್ರಿಟನ್ನಿನ ಡಿಜಿಟಲ್ ರೇಡಿಯೋವೂ ತೊಂದರೆಗೆ ಸಿಕ್ಕವು.

ನಿವೃತ್ತ ಹವಾಲ್ದಾರ್
ಸರಿ, ಏಳೂ ಉಪಗ್ರಹ ಸರಿಯಾದವು ಅಂತಲೇ ಇಟ್ಟುಕೊಳ್ಳೋಣ. ಗೂಢಲಿಪಿಯೂ ಇದೆ. ಶತ್ರು ಜಾಮ್ ಮಾಡಿದರೆ?

ಫ್ರೀಮಾಂಟ್ ಕನ್ನಡಿಗ
ಗೂಢಲಿಪಿ ಜಾಮಿಂಗ್‌ನಿಂದ ಕಾಪಾಡಲ್ಲ ಸರ್. ಅದು ಕಾಪಾಡೋದು ಸ್ಪೂಫಿಂಗ್‌ನಿಂದ, ಅಂದರೆ ಸುಳ್ಳು ಸಿಗ್ನಲ್ ಕೊಟ್ಟು ನೀವು ಬೇರೆಲ್ಲೋ ಇದ್ದೀರಿ ಅಂತ ನಂಬಿಸೋದರಿಂದ. 2017ರ ಜೂನಿನಲ್ಲಿ ಕಪ್ಪು ಸಮುದ್ರದಲ್ಲಿದ್ದ ಸುಮಾರು 20 ಹಡಗುಗಳಿಗೆ ತಾವು ದಡದ ಮೇಲಿನ ಗೆಲೆಂಜಿಕ್ ವಿಮಾನ ನಿಲ್ದಾಣದಲ್ಲಿದ್ದೇವೆ ಅಂತ ತೋರಿಸಿತ್ತು. ನಮ್ಮಲ್ಲೂ ಅಮೃತಸರ, ಜಮ್ಮು ಗಡಿ ಕಡೆ ವಿಮಾನಗಳಿಗೆ ಇಂಥದ್ದು ಆಗ್ತಿದೆ. 2025ರ ನವೆಂಬರಿನಲ್ಲಿ ದೆಹಲಿ ವಿಮಾನ ನಿಲ್ದಾಣದ ಸುತ್ತಲೂ ಆಯ್ತು.

ಜಾಮಿಂಗ್ ಅಂದ್ರೆ ಬರೀ ಗದ್ದಲ. ನೆಲ ಮುಟ್ಟೋ ಹೊತ್ತಿಗೆ ಈ ಸಿಗ್ನಲ್ ಎಷ್ಟು ಸೊರಗಿರುತ್ತೆ ಅಂದ್ರೆ, ಒಂದು ವಾಟ್ ಅನ್ನು ನೂರು ಕೋಟಿ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು. ಜೇಬಲ್ಲಿಡೋ ಯಂತ್ರದಿಂದಲೂ ಸುತ್ತಮುತ್ತ ಹಾಳು ಮಾಡಬಹುದು. ಇದಕ್ಕೆ ಮೂರು ದಾರಿ. ಉಪಗ್ರಹದಿಂದ ಆ ಪ್ರದೇಶಕ್ಕೆ ಮಾತ್ರ ಜೋರಾಗಿ ಸಿಗ್ನಲ್ ಬಿಡೋದು, ಅಮೆರಿಕದ ಮುಂದಿನ ಸರಣಿಯಲ್ಲಿ ಅದು ಬರ್ತಿದೆ. ಗದ್ದಲ ಬರೋ ದಿಕ್ಕಿಗೆ ತಾನಾಗಿ ಕಿವಿ ಮುಚ್ಚೋ ಆಂಟೆನಾ. ಮತ್ತೆ ಉಪಗ್ರಹವೇ ಇಲ್ಲದೆ ಒಂದಷ್ಟು ಹೊತ್ತು ಲೆಕ್ಕ ಇಟ್ಟುಕೊಳ್ಳೋ ಜಡತ್ವ ಯಂತ್ರ. ಜಾಮರ್ ತಾನೇ ಜೋರಾಗಿ ಕೂಗ್ತಿರೋದರಿಂದ ಎಲ್ಲಿದೆ ಅಂತ ಗೊತ್ತಾಗಿಬಿಡುತ್ತೆ ಅನ್ನೋದೂ ನೆನಪಿರಲಿ. 2003ರಲ್ಲಿ ಇರಾಕಿನ ಜಾಮರ್‌ಗಳನ್ನು ಅಮೆರಿಕ ಹುಡುಕಿ ಹೊಡೆದು ಹಾಕಿತು, ಒಂದನ್ನಂತೂ ಜಿಪಿಎಸ್ ಬಾಂಬ್‌ನಿಂದಲೇ.

ಸಾಧನಕೇರಿ
ಹಂಗಾದ್ರ ನಾವಿಕ್ ಯಾಕ ಬೇಕ್ರಿ? ಜಡತ್ವ ಯಂತ್ರನ ಸುಧಾರಿಸಿದ್ರ ಸಾಕಲ್ಲ. ಅದಕ್ಕ ಯಾರೂ ಅಡ್ಡ ಬರಂಗಿಲ್ಲ.

ಫ್ರೀಮಾಂಟ್ ಕನ್ನಡಿಗ
ಅದು ಹೊತ್ತು ಹೋದಂತೆ ಜಾರುತ್ತೆ. ಯಾರಾದರೂ ಆಗಾಗ ತಿದ್ದಬೇಕು. ಈ ಇಡೀ ವಿದ್ಯೆ ಹುಟ್ಟಿದ್ದೇ ಹಾಗೆ. ಅಮೆರಿಕದ ಮೊದಲ ಉಪಗ್ರಹ ವ್ಯವಸ್ಥೆ ಟ್ರಾನ್ಸಿಟ್. 1957ರಲ್ಲಿ ಸ್ಪುಟ್ನಿಕ್ ಬೀಪ್‌ನ ಡಾಪ್ಲರ್ (ಹತ್ತಿರ ಬರುವಾಗ, ದೂರ ಹೋಗುವಾಗ ಆಗೋ ಕಂಪನದ ಬದಲಾವಣೆ) ಕೇಳಿ ಅದರ ಕಕ್ಷೆ ಲೆಕ್ಕ ಹಾಕಿದವರಿಗೆ, ಕಕ್ಷೆ ಗೊತ್ತಿದ್ದರೆ ಕೇಳುವವನ ಜಾಗ ಲೆಕ್ಕ ಹಾಕಬಹುದಲ್ಲ ಅಂತ ಹೊಳೆದು ಹುಟ್ಟಿದ್ದು. ಅದನ್ನು ಕಟ್ಟಿದ್ದು ಪೊಲಾರಿಸ್ ಕ್ಷಿಪಣಿ ಹೊತ್ತ ಜಲಾಂತರ್ಗಾಮಿಗಳ ಜಡತ್ವ ಯಂತ್ರವನ್ನು ಆಗಾಗ ತಿದ್ದೋಕೆ. ನಮಗೂ ಈಗ ಜಲಾಂತರ್ಗಾಮಿಗಳಿವೆ, ಕ್ಷಿಪಣಿಗಳಿವೆ. ತಿದ್ದೋ ಸಿಗ್ನಲ್ ನಮ್ಮದಿರಬೇಕಾ ಬೇರೆಯವರದಾ ಅಷ್ಟೇ ಪ್ರಶ್ನೆ.

ತಿಪಟೂರು ತೆಂಗು
ಅಂದರೆ ಕೊನೆಗೆ ಚಿಕ್ಕಪ್ಪನೇ ಸರಿ ಅಂತಾಯ್ತು.

ಕ್ವಾರ್ಟ್ಜ್
ನಮ್ಮದೇ ಸಿಗ್ನಲ್ ಬೇಕು ಅನ್ನೋದರಲ್ಲಿ ಚಿಕ್ಕಪ್ಪ ಸರಿ. "ಈಗ ಯಾರ ಹಂಗೂ ಇಲ್ಲ" ಅನ್ನೋದನ್ನ ನಾನು ಒಪ್ಪಲ್ಲ. ಬೆರಳೆಣಿಕೆಯ ಉಪಗ್ರಹಗಳ ಮೇಲೆ ನಿಂತಿರೋ ವ್ಯವಸ್ಥೆಯನ್ನು ಯಾವ ಕಮಾಂಡರ್ ನಂಬ್ತಾನೆ? 2025ರ ಆ ನಾಲ್ಕರಲ್ಲಿ 1ಬಿ ಹಾರಿದ್ದು 2014ರ ಏಪ್ರಿಲ್‌ನಲ್ಲಿ, ಅದರ ಹತ್ತು ವರ್ಷದ ಆಯಸ್ಸು ಮುಗಿದೇ ಹೋಗಿದೆ. ಚಂದ್ರಯಾನಕ್ಕೆ ಟಿವಿ ಮುಂದೆ ಕೂತು ಪ್ರಾರ್ಥನೆ ಮಾಡ್ತೀವಿ, ಅದು ಬೇಕು. ಆದರೆ ಎರಡು ಬದಲಿ ಉಪಗ್ರಹ ಯಾವಾಗಲೂ ತಯಾರಿಟ್ಟುಕೊಂಡಿರಬೇಕು ಅಂತ ಯಾರೂ ಕೇಳಲ್ಲ. ಸೇನೆಗೆ ಬೇಕಾಗಿರೋದು ಇವತ್ತೂ ನಾಳೆಯೂ ಐದು ವರ್ಷ ಬಿಟ್ಟೂ ಬರೋ ಸಿಗ್ನಲ್. ರಷ್ಯಾದ ಗ್ಲೋನಾಸ್‌ಗೆ ಏನಾಯ್ತು ನೋಡಿ. ಸೋವಿಯತ್ ಒಕ್ಕೂಟ ಒಡೆದ ಮೇಲೆ ದುಡ್ಡಿಲ್ಲದೆ ಬದಲಿ ಹಾರಿಸದೆ, 2001ರ ಹೊತ್ತಿಗೆ ಬೆರಳೆಣಿಕೆಗೆ ಇಳಿದಿತ್ತು. ಮತ್ತೆ 24 ಮುಟ್ಟೋಕೆ 2011 ಆಯ್ತು.

ನಿವೃತ್ತ ಹವಾಲ್ದಾರ್
ಇದನ್ನು ಒಪ್ಪುತ್ತೇನೆ. ರೇಷನ್ ಲಾರಿ ಒಂದು ಸಲ ಬಂದರೆ ಸಾಲದು, ಪ್ರತಿ ವಾರ ಬರಬೇಕು.

ತಿಪಟೂರು ತೆಂಗು
ನಾನೂ ಬದಲಿ ಬೇಡ ಅಂದಿಲ್ಲ. ಇಸ್ರೋಗೆ ದುಡ್ಡು ಜಾಸ್ತಿ ಕೊಡಲಿ, ಮಾಡ್ತಾರೆ.

ಅಂಚೆಪೆಟ್ಟಿಗೆ
ದುಡ್ಡು ಒಂದೇ ಅಲ್ಲ ಸರ್. ಉಪಗ್ರಹ ಜೋಡಿಸೋಕೆ ಸಮಯ, ಜಿಎಸ್‌ಎಲ್‌ವಿ ಸರದಿ, ಗಡಿಯಾರವನ್ನ ತಿಂಗಳುಗಟ್ಟಲೆ ಪರೀಕ್ಷೆಗೆ ಇಡಬೇಕಾದ ಸಹನೆ. ಆತುರಪಟ್ಟು ಹಾರಿಸಿದ್ರೆ ಮತ್ತೆ ಮೊದಲಿನ ಕಥೆ ಆಗುತ್ತೆ. ಎನ್‌ವಿಎಸ್ ಸರಣಿಯಲ್ಲಿ ಒಟ್ಟು ಐದು ಅಂತ ಯೋಜನೆ ಇದೆ. ಒಂದು ಕೆಲಸ ಮಾಡ್ತಿದೆ, ಒಂದು ಕಕ್ಷೆ ಸೇರಲಿಲ್ಲ, ಮಿಕ್ಕ ಮೂರರ ಮೇಲೆ ಎಲ್ಲರ ಕಣ್ಣು.

ಸಾಲಗಾಮೆ ರಸ್ತೆ
ಚಿಕ್ಕಪ್ಪನಿಗೂ ತಮ್ಮನಿಗೂ ಇದೇ ಪುಟ ಕಳಿಸಿದ್ದೀನಿ. ಇನ್ನೊಂದು ಕೊನೇ ಪ್ರಶ್ನೆ: ನನ್ನ ಫೋನಿಗೆ ನಾವಿಕ್ ಸಿಗುತ್ತಾ ಇಲ್ವಾ ಅಂತ ನೋಡೋದು ಹೇಗೆ?

ಫ್ರೀಮಾಂಟ್ ಕನ್ನಡಿಗ
ಆಂಡ್ರಾಯ್ಡ್ ಆದರೆ ಜಿಪಿಎಸ್‌ಟೆಸ್ಟ್ ಅಂತ ಆಪ್ ಇದೆ, ಹಾಕಿಕೊಂಡು ಮನೆ ಹೊರಗೆ ಬಯಲಲ್ಲಿ ಐದು ನಿಮಿಷ ನಿಲ್ಲಿ. ಪ್ರತಿ ಉಪಗ್ರಹದ ಪಕ್ಕ ಆಯಾ ದೇಶದ ಬಾವುಟ ಬರುತ್ತೆ. ನಮ್ಮ ಬಾವುಟದ ಸಾಲಿನಲ್ಲಿ 2, 6, 9, 10 ಈ ನಂಬರ್‌ಗಳನ್ನು ನೋಡಿ, 2025ರ ಜುಲೈನಲ್ಲಿ ಕೆಲಸ ಮಾಡ್ತಿದ್ದ ಆ ನಾಲ್ಕು ಅವೇ. ಲೆಕ್ಕಕ್ಕೆ ಬಳಕೆ ಆಗ್ತಿದೆಯಾ ಅನ್ನೋ ಗುರುತೂ ಪಕ್ಕದಲ್ಲೇ ಇರುತ್ತೆ. ಬಾವುಟವೇ ಕಾಣದಿದ್ದರೆ ನಿಮ್ಮ ಫೋನ್ ಚಿಪ್ ನಾವಿಕ್ ಹಿಡಿಯೋದಿಲ್ಲ ಅಂತ.

ಎಂಟನೇ ಮೈಲಿ
ನನ್ನ ಫೋನಲ್ಲಿ 2, 9, 10 ಬಂತು. 6 ಬರ್ತಿಲ್ಲ.

ಫ್ರೀಮಾಂಟ್ ಕನ್ನಡಿಗ
6 ಪಶ್ಚಿಮದಲ್ಲಿ 32.5 ಡಿಗ್ರಿಯಲ್ಲಿದೆ, ಬೆಂಗಳೂರಿನಿಂದ ತಗ್ಗಿನಲ್ಲಿ ಕಾಣುತ್ತೆ. ನಿಮ್ಮ ಪಶ್ಚಿಮಕ್ಕೆ ಕಟ್ಟಡ ಇದೆಯಾ ನೋಡಿ, ಟೆರೇಸ್‌ಗೆ ಹೋಗಿ ಇನ್ನೊಂದ್ಸಲ ಪ್ರಯತ್ನಿಸಿ.